ಪದ್ಯದ ಪಾಠಕ್ಕೆ ಹಾಡು ಹಾಕಿದೆ, ಚಾನೆಲ್‌ಗೆ ಸ್ಟ್ರೈಕ್ ಬಂತು. ಮುಂದೇನು?

ಗಂಗಾವತಿ ಸೀಮೆ ಮಾಸ್ತರ

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಕಡೆ ಭತ್ತದ ನಾಟಿ, ಕೊಯ್ಲು ಬಂದರೆ ತರಗತಿ ಅರ್ಧ ಖಾಲಿ. ಗದ್ದೆಗೆ ಹೋದ ಮಕ್ಕಳು ರಾತ್ರಿ ಅಪ್ಪನ ಫೋನಿನಲ್ಲಾದರೂ ಪಾಠ ನೋಡಲಿ ಅಂತ ಎರಡು ವರ್ಷದ ಹಿಂದೆ ಒಂದು ಯೂಟ್ಯೂಬ್ ಚಾನೆಲ್ ಶುರು ಮಾಡಿದೆ. ಅದರಿಂದ ನನಗೆ ಒಂದು ರೂಪಾಯಿಯೂ ಬರುವುದಿಲ್ಲ.

ಹೋದ ವಾರ ಒಂದು ಪದ್ಯದ ಪಾಠ ಹಾಕಿದೆ. ಒಟ್ಟು 14 ನಿಮಿಷ. ಅದೇ ಪದ್ಯವನ್ನು ಹಾಡಿದ ಹಳೆಯ ಕ್ಯಾಸೆಟ್ ನನ್ನ ಹತ್ತಿರ ಇತ್ತು. ನಾಲ್ಕೂವರೆ ನಿಮಿಷದ ಹಾಡನ್ನು ಪೂರ್ತಿ ಸೇರಿಸಿದೆ. ಕೆಳಗೆ ‘ಶಿಕ್ಷಣಕ್ಕಾಗಿ ಮಾತ್ರ, 107ನೇ ಸೆಕ್ಷನ್ ಪ್ರಕಾರ ಫೇರ್ ಯೂಸ್’ ಅಂತ ಬರೆದಿದ್ದೆ, ಅನುಮತಿ ಇಲ್ಲದೆ ಬಳಸಬಹುದು ಅನ್ನುವ ಅರ್ಥದಲ್ಲಿ. ಎಲ್ಲರೂ ಹಾಗೇ ಬರೆಯುತ್ತಾರಲ್ಲ, ಅದನ್ನು ನೋಡಿ ಇಳಿಸಿದ್ದು. ಮೂರನೇ ದಿನ ವಿಡಿಯೋ ಮಾಯ. ಹಾಡಿನ ಹಕ್ಕು ತಮ್ಮದು ಅಂತ ಒಂದು ಕಂಪನಿ ತೆಗೆಸಿದೆ, ಚಾನೆಲ್‌ಗೆ ಸ್ಟ್ರೈಕ್, ಅಂದರೆ ಕಾಪಿರೈಟ್ ಎಚ್ಚರಿಕೆ.

ವಿಷಯ ಹೇಳಿದರೆ ನಮ್ಮ ಹೆಡ್‌ಮಾಸ್ತರು ಕೇಳಿದ ಮೊದಲ ಪ್ರಶ್ನೆ: ‘ಪೊಲೀಸರು ಬರ್ತಾರೇನ್ರೀ?’ ಇದೇ ಹಾಡನ್ನು ಹತ್ತು ವರ್ಷದಿಂದ ತರಗತಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕೇಳಿಸಿದ್ದೇನೆ. ಆಗ ಇಲ್ಲದ ತಪ್ಪು ಈಗ ಹೇಗೆ ಬಂತು? ಗೊತ್ತಿದ್ದವರು ಹೇಳಿ.

ಮಿರ್ಚಿ ಒಗ್ಗರಣೆ

ಸರ್, ನಾನು ಬಳ್ಳಾರಿಯಲ್ಲಿ ಬಿ.ಎಡ್ ಓದುತ್ತಿದ್ದೇನೆ. 30 ಸೆಕೆಂಡ್ ಒಳಗೆ ಬಳಸಿದರೆ ಏನೂ ಆಗುವುದಿಲ್ಲ ಅಂತ ನಮ್ಮ ಸೀನಿಯರ್ ಹೇಳಿದ್ದರು. ನೀವು ಪೂರ್ತಿ ಹಾಕಿದ್ದಕ್ಕೇ ಹೀಗಾಗಿದೆ. ಕತ್ತರಿಸಿ ಮತ್ತೆ ಹಾಕಿ ನೋಡಿ.

ಸಿಂಧನೂರು ವಿಜ್ಞಾನ ಟೀಚರ್

30 ಸೆಕೆಂಡ್ ಕಥೆ ನಾನೂ ನಂಬಿದ್ದೆ. ಕಪ್ಪೆಯ ಜೀವನಚಕ್ರದ ಪಾಠಕ್ಕೆ ಹಿಂದೆ ಸುಮ್ನೆ 12 ಸೆಕೆಂಡ್ ಸಿನಿಮಾ ಸಂಗೀತ ಹಾಕಿದ್ದೆ, ಅದಕ್ಕೂ ಈ ಸಂಗೀತ ನಮ್ಮದು ಅಂತ ಕ್ಲೇಮ್ ಬಂತು. ಗಾಯಕರ ಹೆಸರು, ಸಿನಿಮಾ ಹೆಸರು ಎಲ್ಲ ಹಾಕಿ ಕೃಪೆ ಅಂತ ಬರೆದಿದ್ದೆ. ಏನೂ ಉಪಯೋಗ ಆಗಲಿಲ್ಲ. ಆದರೆ ನನ್ನ ವಿಡಿಯೋ ತೆಗೆಯಲಿಲ್ಲ, ಹಾಗೇ ಇದೆ. ಮಾಸ್ತರದು ಯಾಕೆ ತೆಗೆದರು ಅಂತ ನನಗೂ ಗೊತ್ತಾಗಬೇಕು.

ಬಳ್ಳಾರಿ ಕರಿಕೋಟು

ಮಾಸ್ತರೆ, ನಾನು ಬಳ್ಳಾರಿ ಕೋರ್ಟಿನಲ್ಲಿ ವಕೀಲಿ ಮಾಡುವವನು. ನನ್ನದು ಜಾಸ್ತಿ ಜಮೀನಿನ ಕೇಸು. ಆದರೆ ಮನೆಯಾಕೆ ಟೀಚರ್, ಹಾಗಾಗಿ ಈ ಕಾಯ್ದೆ ಮನೆಯಲ್ಲೇ ಓದಬೇಕಾಯಿತು.

ಮೊದಲು ಹೆಡ್‌ಮಾಸ್ತರಿಗೆ ಸಮಾಧಾನ ಹೇಳಿ. ಸ್ಟ್ರೈಕ್ ಅಂದರೆ ಎಫ್‌ಐಆರ್ ಅಲ್ಲ. ನಮ್ಮ ಕಾಪಿರೈಟ್ ಕಾಯ್ದೆ 1957ರದು. ಅದರ 63ನೇ ಕಲಂನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇರುವುದು ನಿಜ. ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದಾದ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ನಿಜ. ಆದರೆ ಗೊತ್ತಿದ್ದೂ ಮಾಡಿದ್ದು ಅಂತ ತೋರಿಸಬೇಕು. ವ್ಯಾಪಾರದ ಲಾಭಕ್ಕೆ ಮಾಡಿಲ್ಲದಿದ್ದರೆ ಶಿಕ್ಷೆ ಇಳಿಸಲು ಅದೇ ಕಲಂನಲ್ಲಿ ದಾರಿ ಇದೆ. ಕಂಪನಿಗೆ ಬೇಕಿದ್ದದ್ದು ವಿಡಿಯೋ ಹೋಗಬೇಕು ಅಂತ, ಅದು ಹೋಯಿತು.

ಯೂಟ್ಯೂಬ್‌ನಲ್ಲಿ ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಅನ್ನುವುದು ಹೆಚ್ಚಾಗಿ ಯಂತ್ರದ ಕೆಲಸ. 2007ರಿಂದ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಇದೆ. ಕಂಪನಿಗಳು ತಮ್ಮ ಹಾಡನ್ನು ಅದಕ್ಕೆ ಕೊಟ್ಟಿರುತ್ತವೆ, ಹೊಸ ವಿಡಿಯೋ ಬಂದರೆ ಅದು ಹೊಂದಿಸಿ ನೋಡುತ್ತದೆ. ನೀವು ಮಾಸ್ತರ ಅಂತಾಗಲಿ, ಕೆಳಗೆ ‘ಶಿಕ್ಷಣಕ್ಕಾಗಿ’ ಅಂತ ಬರೆದಿದ್ದೀರಿ ಅಂತಾಗಲಿ ಅದಕ್ಕೆ ಗೊತ್ತಾಗುವುದಿಲ್ಲ. ಸಿಂಧನೂರು ಟೀಚರಿಗೆ ಬಂದದ್ದು ಇದು. ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗುತ್ತದೆ, ವಿಡಿಯೋ ಸಾಮಾನ್ಯವಾಗಿ ಉಳಿಯುತ್ತದೆ. ಸ್ಟ್ರೈಕ್ ಬರುವುದು ಹಕ್ಕುದಾರರೇ ಕಾನೂನು ಪ್ರಕಾರ ‘ಇದನ್ನು ತೆಗೆಯಿರಿ’ ಅಂತ ಅರ್ಜಿ ಕೊಟ್ಟಾಗ. 90 ದಿನದೊಳಗೆ ಮೂರು ಬಂದರೆ ಚಾನೆಲ್ಲೇ ಹೋಗುತ್ತದೆ. ನಿಮಗೆ ಇದು ಮೊದಲನೆಯದು. ಯೂಟ್ಯೂಬ್‌ನದೇ ಒಂದು ಕಾಪಿರೈಟ್ ಪಾಠ ಇದೆ, ಅದನ್ನು ನೋಡಿ ಪ್ರಶ್ನೆಗೆ ಉತ್ತರ ಕೊಟ್ಟು 90 ದಿನ ಕಾದರೆ ಇಳಿಯುತ್ತದೆ. ಹೌದು, ಮಾಸ್ತರಿಗೇ ಪರೀಕ್ಷೆ.

ಇನ್ನು ಆ 107ನೇ ಸೆಕ್ಷನ್. ಅದು ಅಮೆರಿಕದ 1976ರ ಕಾಯ್ದೆಯದು ಮಾರಾಯ್ರೇ! ಗಂಗಾವತಿ ಹುಡುಗರ ಪದ್ಯಕ್ಕೂ ಅದಕ್ಕೂ ಏನು ನಂಟು? ಫೇರ್ ಯೂಸ್ ಅನ್ನುವುದು ಅವರ ಮಾತು. ನಮ್ಮ ಕಾಯ್ದೆಯಲ್ಲಿ ಇರುವುದು ಫೇರ್ ಡೀಲಿಂಗ್. ಅದು ಸ್ವಂತ ಬಳಕೆ, ಸಂಶೋಧನೆ, ವಿಮರ್ಶೆ, ಸುದ್ದಿ ವರದಿಗೆ. ಪಾಠಕ್ಕೆ ಬೇರೆಯೇ ಸಾಲುಗಳಿವೆ, 52ನೇ ಕಲಂನಲ್ಲಿ.

ಅದರ ‘ಐ’ ಭಾಗ ಹೇಳುವುದು: ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಕಲಿಕೆಯ ಭಾಗವಾಗಿ ಯಾವುದೇ ಕೃತಿಯನ್ನು ನಕಲು ಮಾಡಿಕೊಂಡರೆ ಉಲ್ಲಂಘನೆ ಅಲ್ಲ. ಪ್ರಶ್ನೆಪತ್ರಿಕೆಗೂ ಉತ್ತರಕ್ಕೂ ಇದೇ ರಿಯಾಯಿತಿ. ‘ಜೆ’ ಭಾಗ ಹೇಳುವುದು: ಶಾಲೆಯ ಚಟುವಟಿಕೆಯಲ್ಲಿ ಸಿನಿಮಾ ತೋರಿಸಬಹುದು, ಧ್ವನಿಮುದ್ರಣ ಕೇಳಿಸಬಹುದು. ಷರತ್ತು ಒಂದೇ, ನೋಡುವವರು ಸಿಬ್ಬಂದಿ, ಮಕ್ಕಳು, ತಂದೆತಾಯಿ, ಪೋಷಕರು, ಶಾಲೆಯ ಕೆಲಸಕ್ಕೆ ಸಂಬಂಧಪಟ್ಟವರು ಇಷ್ಟೇ ಜನ ಇರಬೇಕು. 30 ಸೆಕೆಂಡ್, 10 ಸೆಕೆಂಡ್ ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನಾಲ್ಕೂವರೆ ನಿಮಿಷ ಕೇಳಿಸಿ, ಎರಡೂವರೆ ಗಂಟೆ ಸಿನಿಮಾ ತೋರಿಸಿ, ಪಾಠಕ್ಕೆ ಬೇಕಾದರೆ ಸರಿ.

ಈಗ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಹತ್ತು ವರ್ಷ ಟೇಪ್ ರೆಕಾರ್ಡರ್‌ನಲ್ಲಿ ಕೇಳಿಸಿದಾಗ ಕೇಳಿದವರು ನಿಮ್ಮ ತರಗತಿಯ ಮಕ್ಕಳು. ಚಾನೆಲ್‌ಗೆ ಹಾಕಿದಾಗ ಕೇಳುವವರು ಯಾರು ಬೇಕಾದರೂ ಆಗಬಹುದು. ಹಾಡು ಅದೇ, ಮಾಸ್ತರೂ ಅದೇ, ಬಾಗಿಲು ಮಾತ್ರ ತೆರೆದಿದ್ದೀರಿ. ಅಮೆರಿಕದವರೂ ಇದನ್ನು ಬೇರೆ ಮಾಡಿಯೇ ನೋಡುತ್ತಾರೆ. ಆನ್‌ಲೈನ್ ಪಾಠಕ್ಕೆ ಅಂತ 2002ರಲ್ಲಿ ಬೇರೆ ಕಾಯ್ದೆ ತಂದರು, ಅದರಲ್ಲೂ ಆ ಕೋರ್ಸಿಗೆ ಸೇರಿದ ವಿದ್ಯಾರ್ಥಿಗಳಿಗೆ ಮಾತ್ರ ಅಂತ ಬೇಲಿ ಇದೆ.

ಸ್ಟ್ರೈಕ್ ತಪ್ಪು ಅಂತ ಯೂಟ್ಯೂಬ್‌ಗೆ ಎದುರು ಅರ್ಜಿ ಹಾಕುತ್ತೇನೆ ಅಂತ ಮನಸ್ಸಿದ್ದರೆ ಒಂದು ಮಾತು. ಅದರಲ್ಲಿ ನಿಮ್ಮ ಹೆಸರು ವಿಳಾಸ ಕೊಡಬೇಕು, ಅದು ಕಂಪನಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಕೋರ್ಟಿನ ವ್ಯಾಪ್ತಿಗೆ ಒಪ್ಪುತ್ತೇನೆ ಅಂತಲೂ ಬರೆದುಕೊಡಬೇಕು. ಈ ಹಾಡಿಗೆ ಅದು ಬೇಡ.

ಗಂಗಾವತಿ ಸೀಮೆ ಮಾಸ್ತರ

ಬಹಳ ಉಪಕಾರ ಆಯಿತು ವಕೀಲರೆ. ಕ್ಯಾಲಿಫೋರ್ನಿಯಾ ಅಂದ ಕೂಡಲೇ ಹೆಡ್‌ಮಾಸ್ತರು ಕೈಮುಗಿದರು.

ಹಾಗಾದರೆ ಆ ಪದ್ಯವನ್ನು ನಮ್ಮ ಮಕ್ಕಳಿಂದಲೇ ಹಾಡಿಸಿ ಹಾಕಿದರೆ? ಕ್ಯಾಸೆಟ್ ಮುಟ್ಟುವುದೇ ಬೇಡ ಅಲ್ವಾ?

ಬಳ್ಳಾರಿ ಕರಿಕೋಟು

ಅರ್ಧ ಸರಿ. ಒಂದು ಹಾಡು ಅಂದರೆ ಒಂದೇ ಹಕ್ಕಲ್ಲ. ಈರುಳ್ಳಿ ಥರ ಪದರ ಪದರ. ಸಾಹಿತ್ಯ ಕವಿಯದು, ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆಯವರು 1981ರಲ್ಲಿ ಹೋದರು, ಅವರ ಸಾಲುಗಳಿಗೆ 2041ರ ಕೊನೆ ತನಕ ಹಕ್ಕಿದೆ. ರಾಗ ಹಾಕಿದವರದು ಇನ್ನೊಂದು. ಕ್ಯಾಸೆಟ್ ಕಂಪನಿಯ ಧ್ವನಿಮುದ್ರಣಕ್ಕೆ ಮತ್ತೊಂದು, ಅದು ಬಿಡುಗಡೆ ಆದ ಮೇಲೆ 60 ವರ್ಷ. ಹಾಡಿದವರಿಗೆ ಕಲಾವಿದರ ಹಕ್ಕು ಅಂತ ಪ್ರತ್ಯೇಕ, ಅದು 50 ವರ್ಷ.

ಮಕ್ಕಳು ಹಾಡಿದರೆ ಕಂಪನಿಯ ಪದರ ಹೋಗುತ್ತದೆ. ಕವಿ ಮತ್ತು ರಾಗದ ಪದರ ಉಳಿಯುತ್ತದೆ. ತರಗತಿಯಲ್ಲಿ, ಶಾಲೆಯ ಕಾರ್ಯಕ್ರಮದಲ್ಲಿ ಹಾಡಿಸಿ, ತೊಂದರೆ ಇಲ್ಲ. ಲೋಕಕ್ಕೆ ಹಾಕುವಾಗ ಅವು ಮತ್ತೆ ಎದ್ದು ಬರುತ್ತವೆ.

ಈಗ ಇದನ್ನೇ ತಿರುಗಿಸಿ ನೋಡಿ. ನಮ್ಮ ಮಾನ್ವಿಯ ಜಗನ್ನಾಥದಾಸರು ಹೋಗಿ 200 ವರ್ಷದ ಮೇಲಾಯಿತು. ಅವರ ಪದಗಳು ಎಲ್ಲರವು. ಆದರೆ ಅದೇ ಪದವನ್ನು ಮೊನ್ನೆ ಮೊನ್ನೆ ಒಬ್ಬ ಗಾಯಕರು ಸ್ಟುಡಿಯೋದಲ್ಲಿ ಹಾಡಿದ್ದು ಎಲ್ಲರದಲ್ಲ. ‘ದಾಸರ ಪದಕ್ಕೂ ಕಾಪಿರೈಟಾ’ ಅಂತ ಜನ ಸಿಟ್ಟಾಗುವುದು ಇಲ್ಲೇ. ದಾಸರ ಪದಕ್ಕಲ್ಲ, ಆ ಮುದ್ರಣಕ್ಕೆ. ವಚನ, ದಾಸರ ಪದ, ತತ್ವಪದಗಳನ್ನು ಊರಿನ ಹಳೆಯ ಧಾಟಿಯಲ್ಲಿ ನಿಮ್ಮ ಮಕ್ಕಳೇ ಹಾಡಲಿ, ಧೈರ್ಯವಾಗಿ ಹಾಕಿ.

ದೇವದುರ್ಗ ಕಡೆಯವಳು

ಇಲ್ಲಿ ಎಲ್ಲರೂ ಚಾನೆಲ್ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕು. ಸ್ಮಾರ್ಟ್ ಕ್ಲಾಸ್ ಅಂತ ಟಿವಿ ಕೊಟ್ಟಿದ್ದಾರೆ, ನೆಟ್ ಇಲ್ಲ. ನಾನು ಮನೆಯಲ್ಲಿ ವಿಡಿಯೋ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ತೋರಿಸುತ್ತೇನೆ. ಇದು ತಪ್ಪಾ?

ಬಳ್ಳಾರಿ ಕರಿಕೋಟು

ಟೀಚರ್, ನಿಮ್ಮದು ಒಳ್ಳೆಯ ಪ್ರಶ್ನೆ. ಇಲ್ಲಿ ಎರಡು ಕಟ್ಟಳೆ ಇವೆ. ಪಾಠಕ್ಕೆ ಅಂತ ಶಿಕ್ಷಕರು ಮಾಡಿಕೊಂಡ ನಕಲನ್ನು 52ನೇ ಕಲಂ ಕಾಯುತ್ತದೆ ಅಂತ ವಾದ ಮಾಡಲು ಗಟ್ಟಿ ನೆಲ ಇದೆ. ಆದರೆ ಯೂಟ್ಯೂಬ್ ತನ್ನ ಷರತ್ತಿನಲ್ಲಿ, ನಾವು ಕೊಟ್ಟ ಸೌಲಭ್ಯದಿಂದಲ್ಲದೆ ಇಳಿಸಬೇಡಿ ಅನ್ನುತ್ತದೆ. ಅದು ನಿಮಗೂ ಅವರಿಗೂ ಇರುವ ಕರಾರು. ಮುರಿದರೆ ನಿಮ್ಮ ಖಾತೆಗೆ ಕುತ್ತು ಬರಬಹುದು, ಪಾಠ ಅಪರಾಧ ಆಗಿಬಿಡುವುದಿಲ್ಲ.

ಹಗುರ ದಾರಿ ಅಂದರೆ ಸರ್ಕಾರದ ದೀಕ್ಷಾ ಆ್ಯಪ್. 2017ರಲ್ಲಿ ಬಂದದ್ದು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಪಾಠ ಬರುತ್ತದೆ, ಆ್ಯಪ್ ಒಳಗೇ ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ತೋರಿಸಬಹುದು.

ಸಿಂಧನೂರು ವಿಜ್ಞಾನ ಟೀಚರ್

ದೀಕ್ಷಾದಲ್ಲಿ ಕೆಲವು ಪಾಠ ಚೆನ್ನಾಗಿವೆ, ಕೆಲವು ನೋಡಿದರೆ ಹುಡುಗರಿಗೆ ನಿದ್ದೆ. ಅದು ಬೇರೆ ಮಾತು. ಚಿತ್ರ, ಶಬ್ದ ಬೇಕಾದರೆ ವಿಕಿಮೀಡಿಯಾ ಕಾಮನ್ಸ್ ಅನ್ನುವ ಜಾಲತಾಣ ನೋಡಿ. ಕಪ್ಪೆ ಕೂಗುವ ಶಬ್ದ ಕೂಡ ಸಿಗುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ, ಅಂದರೆ ಮಾಡಿದವರೇ ಮೊದಲೇ ಎಲ್ಲರಿಗೂ ಕೊಟ್ಟ ಅನುಮತಿ, ಇದ್ದರೆ ಹೆಸರು ಹಾಕಿ ಬಳಸಬಹುದು. ಎನ್‌ಸಿ ಅಂತ ಇದ್ದರೆ ವ್ಯಾಪಾರಕ್ಕೆ ಬೇಡ, ಎನ್‌ಡಿ ಅಂತ ಇದ್ದರೆ ಕತ್ತರಿಸಿ ಬದಲಾಯಿಸುವಂತಿಲ್ಲ. ಕೃಪೆ ಅಂತ ಬರೆದರೆ ಸಾಕು ಅನ್ನುವ ಮಾತು ನಿಜವಾಗುವುದು ಇಂಥ ಕಡೆ ಮಾತ್ರ. ನಾನು ಕಪ್ಪೆ ಪಾಠದ ಸಂಗೀತವನ್ನು ಈಗ ಯೂಟ್ಯೂಬ್‌ನದೇ ಆಡಿಯೋ ಲೈಬ್ರರಿಯಿಂದ ತೆಗೆದು ಹಾಕಿದ್ದೇನೆ. ಕ್ಲೇಮ್ ಹೋಯಿತು.

ಕುಷ್ಟಗಿ ಪಿ.ಟಿ. ಸರ್

ನನ್ನದೊಂದು. ಶಾಲಾ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿಗೆ ಡ್ಯಾನ್ಸ್ ಮಾಡಿಸುತ್ತೇವೆ. ವಕೀಲರು ಹೇಳಿದ ‘ಜೆ’ ಭಾಗದಲ್ಲಿ ಬರುತ್ತದೆ ಅಂತ ಇಟ್ಟುಕೊಳ್ಳೋಣ. ಆದರೆ ನಮ್ಮೂರಲ್ಲಿ ಗ್ಯಾದರಿಂಗ್ ಅಂದರೆ ಊರಿಗೆ ಊರೇ ಬರುತ್ತದೆ. ಮಿರ್ಚಿ ಅಂಗಡಿ, ಬಳೆ ಅಂಗಡಿ ಎಲ್ಲ ಬರುತ್ತವೆ. ಗೇಟಿನಲ್ಲಿ ನಿಂತು ‘ನೀನು ಪಾಲಕನಾ’ ಅಂತ ಕೇಳಲೇನು?

ಬಳ್ಳಾರಿ ಕರಿಕೋಟು

ಅಲ್ಲಿ ಬಂದವರಲ್ಲಿ ಯಾವುದೋ ಮಗುವಿನ ಸೋದರಮಾವ ಅಲ್ಲದವರು ಎಷ್ಟು ಜನ ಸಿಗುತ್ತಾರೆ ಹೇಳಿ. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಜಾಗ ಕೊಟ್ಟವರು, ಶಾಮಿಯಾನದವರು ಎಲ್ಲ ಸಂಬಂಧಪಟ್ಟವರೇ. ಮಿರ್ಚಿ ಅಂಗಡಿಯವರನ್ನು ಮಾತ್ರ ಸೇರಿಸಲು ಕಷ್ಟ. ತಮಾಷೆ ಸಾಕು. ಟಿಕೆಟ್ ಇಡಬೇಡಿ, ಹಾಡಿನ ಡ್ಯಾನ್ಸನ್ನು ಲೈವ್ ಬಿಡಬೇಡಿ. ನೆಲದ ಮೇಲೆ ಕೂತು ನೋಡಿದವರಿಗೆ ಇರುವ ರಿಯಾಯಿತಿ ಲೈವ್ ನೋಡುವವರಿಗೆ ಇಲ್ಲ.

ಇದರ ಜೊತೆ ಮದುವೆ ಮೆರವಣಿಗೆ ಹಾಡಿನ ಪ್ರಶ್ನೆಯೂ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಮದುವೆಗೆ ಅದೇ 52ನೇ ಕಲಂನಲ್ಲಿ ಬೇರೆ ಸಾಲಿದೆ. ಮದುವೆಯಲ್ಲಿ ಹಾಡು ಹಾಕಿದ್ದಕ್ಕೆ ಯಾರಾದರೂ ಪರವಾನಗಿ ಶುಲ್ಕ ಕೇಳಿದರೆ ಮಣಿಯಬೇಡಿ ಅಂತ ಕೇಂದ್ರ ಸರ್ಕಾರದ ಇಲಾಖೆ 2023ರ ಜುಲೈನಲ್ಲಿ ಪ್ರಕಟಣೆ ಕೊಟ್ಟಿದೆ.

ಕೈಮಾತು

ನಾನು ರಾಯಚೂರಿನಲ್ಲಿ ಕಿವಿ ಕೇಳದ ಮಕ್ಕಳಿಗೆ ಪಾಠ ಮಾಡುತ್ತೇನೆ. ವಿಡಿಯೋಗೆ ಕನ್ನಡ ಅಕ್ಷರ ಸೇರಿಸುತ್ತೇನೆ, ಪಕ್ಕದಲ್ಲಿ ನಿಂತು ಸಂಜ್ಞೆ ಮಾಡಿದ್ದನ್ನೂ ಜೋಡಿಸುತ್ತೇನೆ. ಬೇರೆಯವರ ವಿಡಿಯೋ ಬದಲಾಯಿಸಿದ ಹಾಗೆ ಆಗುತ್ತದಾ?

ಬಳ್ಳಾರಿ ಕರಿಕೋಟು

ನಿಶ್ಚಿಂತೆಯಿಂದ ಮಾಡಿ ಮೇಡಂ. 2012ರ ತಿದ್ದುಪಡಿಯಲ್ಲಿ ನಿಮ್ಮಂಥವರಿಗೆಂದೇ ಒಂದು ಭಾಗ ಸೇರಿಸಿದ್ದಾರೆ. ಅಂಗವೈಕಲ್ಯ ಇರುವವರಿಗೆ ಎಟುಕುವ ರೂಪಕ್ಕೆ ಯಾವುದೇ ಕೃತಿಯನ್ನು ಬದಲಾಯಿಸಬಹುದು, ನಕಲು ಮಾಡಿ ಹಂಚಬಹುದು. ಲಾಭಕ್ಕೆ ಅಲ್ಲ ಅಂದರೆ ಸಾಕು, ಮತ್ತು ಆ ಮಕ್ಕಳಿಗೇ ತಲುಪಬೇಕು. ಈ ಇಡೀ ಚರ್ಚೆಯಲ್ಲಿ ಎಲ್ಲರಿಗಿಂತ ಗಟ್ಟಿ ನೆಲದ ಮೇಲೆ ನಿಂತವರು ನೀವು.

ಮಿರ್ಚಿ ಒಗ್ಗರಣೆ

ಸರ್, ಕಂಪನಿಗಳು ಯಾವಾಗಲೂ ಗೆಲ್ಲುತ್ತವೆ ಅಂತ ಅನ್ನಿಸುತ್ತದೆ. ಶಿಕ್ಷಣದ ಪರವಾಗಿ ಕೋರ್ಟ್ ಒಮ್ಮೆಯಾದರೂ ತೀರ್ಪು ಕೊಟ್ಟಿದೆಯಾ?

ಬಳ್ಳಾರಿ ಕರಿಕೋಟು

ಕೊಟ್ಟಿದೆ, ಅದೂ ಒಂದು ಝೆರಾಕ್ಸ್ ಅಂಗಡಿಯ ಕೇಸಿನಲ್ಲಿ. ದೆಹಲಿ ವಿಶ್ವವಿದ್ಯಾಲಯದ ಅಂಗಳದ ರಾಮೇಶ್ವರಿ ಫೋಟೋಕಾಪಿ. ಪಾಠಕ್ಕೆ ಬೇಕಾದ ಅಧ್ಯಾಯಗಳನ್ನು ಹಲವು ಪುಸ್ತಕಗಳಿಂದ ಒಟ್ಟು ಮಾಡಿ ಹೊಲಿದು ಕೊಡುತ್ತಿದ್ದರು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಮೂರೂ ಸೇರಿ 2012ರಲ್ಲಿ ಕೇಸು ಹಾಕಿದವು. 2016ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ಅದನ್ನು ವಜಾ ಮಾಡಿತು. ಡಿಸೆಂಬರ್‌ನಲ್ಲಿ ಎರಡು ನ್ಯಾಯಮೂರ್ತಿಗಳ ಪೀಠ, ಕಲಿಕೆ ಅಂದರೆ ತರಗತಿಯ ಆ ಒಂದು ಗಂಟೆ ಮಾತ್ರ ಅಲ್ಲ, ಪಾಠದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟು ನಕಲು ಮಾಡಬಹುದು ಅಂದಿತು. ಆ ಪ್ರತಿಗಳೆಲ್ಲ ನಿಜಕ್ಕೂ ಪಾಠಕ್ಕೆ ಬೇಕಿದ್ದವೇ ಅನ್ನುವುದನ್ನು ಮಾತ್ರ ವಿಚಾರಣೆಗೆ ಬಿಟ್ಟಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರೇ ಕೇಸು ಹಿಂದಕ್ಕೆ ತೆಗೆದುಕೊಂಡರು.

ಅದು ಪುಸ್ತಕದ ಕೇಸು, ವಿಡಿಯೋದ್ದಲ್ಲ. ಆದರೆ ವಾಟ್ಸಾಪ್‌ನಲ್ಲಿ ನಿಮ್ಮ ತರಗತಿಯ ಗುಂಪಿಗೆ ಮಾತ್ರ ಪಾಠ ಕಳಿಸಿದಾಗ ಈ ತೀರ್ಪಿನ ಮಾತು ನಿಮ್ಮ ಬೆನ್ನಿಗೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಆ ಗುಂಪಿನಿಂದ ಊರಿನ ಗುಂಪಿಗೆ ಹಾರಿದರೆ ಬರುವುದಿಲ್ಲ. ಮಾಸ್ತರೆ, ಗದ್ದೆಗೆ ಹೋದ ಮಕ್ಕಳಿಗೆ ನಿಮ್ಮ ಹಾಡಿನ ಪಾಠ ಹೀಗೆ ಹೋಗಲಿ. ಚಾನೆಲ್‌ನಲ್ಲಿ ಹಾಡಿಲ್ಲದ ಪಾಠ ಇರಲಿ.

ಹಾರ್ಮೋನಿಯಂ ಮನೆ

ಮೂರು ದಿನದಿಂದ ಓದುತ್ತಿದ್ದೇನೆ. ಎಲ್ಲರೂ ಮಾಸ್ತರ ಕಡೆಯವರೇ. ಇನ್ನೊಂದು ಕಡೆಯ ಮಾತು ನಾನು ಹೇಳುತ್ತೇನೆ.

ಬಳ್ಳಾರಿಯಲ್ಲಿ ನಂದೊಂದು ಸಣ್ಣ ರೆಕಾರ್ಡಿಂಗ್ ಕೋಣೆ. ಗೋಡೆಗೆ ಹಾಸಿಗೆ ಹೊಡೆದು ಮಾಡಿದ್ದು. ವರ್ಷಕ್ಕೆ ಎರಡು ಮೂರು ಜಾನಪದ ಆಲ್ಬಂ ಮಾಡುತ್ತೇನೆ. ಹಾಡುವವರಿಗೆ, ಢೋಲಕ್‌ನವರಿಗೆ, ಊಟಕ್ಕೆ, ಬಸ್ಸಿಗೆ ಅಂತ ಕೈಯಿಂದ ಹಾಕಿ, ಅದು ತಿರುಗಿ ಬರುತ್ತದೋ ಇಲ್ಲವೋ ಅಂತ ಕಾಯುತ್ತೇನೆ. ಎರಡು ವರ್ಷದ ಹಿಂದೆ ನನ್ನ ಒಂದು ಹಾಡಿಗೆ ಒಂದು ಶಾಲೆಯ ಮಕ್ಕಳು ಕುಣಿದರು. ಚೆನ್ನಾಗಿಯೇ ಕುಣಿದಿದ್ದರು. ಶಾಲೆಯವರು ಅದನ್ನು ತಮ್ಮ ಚಾನೆಲ್‌ಗೆ ಹಾಕಿದರು. ಅವರಿಗೆ ಲಕ್ಷಗಟ್ಟಲೆ ವ್ಯೂಸ್, ನನ್ನ ಮೂಲ ಹಾಡಿಗೆ 11 ಸಾವಿರ. ಫೋನ್ ಮಾಡಿದೆ. ‘ಮಕ್ಕಳ ಕಾರ್ಯಕ್ರಮಕ್ಕೂ ದುಡ್ಡು ಕೇಳ್ತೀರಾ, ನಾಚಿಕೆ ಆಗಲ್ವಾ’ ಅಂದರು. ನಾನು ದುಡ್ಡು ಕೇಳಿರಲಿಲ್ಲ. ಹಾಡಿದ ಹೆಣ್ಣುಮಗಳ ಹೆಸರು ಹಾಕಿ ಅಂತ ಕೇಳಿದ್ದೆ, ಅಷ್ಟೇ.

ಕಂಪನಿ ಅಂದರೆ ಎಲ್ಲರೂ ದೊಡ್ಡ ಕಟ್ಟಡ ನೆನೆಸಿಕೊಳ್ಳುತ್ತೀರಿ. ಈ ಹಾಸಿಗೆ ಹೊಡೆದ ಕೋಣೆಯೂ ಕಂಪನಿಯೇ.

ಕುಷ್ಟಗಿ ಪಿ.ಟಿ. ಸರ್

ಬೇಜಾರಾಗಬೇಡಿ ಅಣ್ಣಾ. ಆದರೆ ಸರ್ಕಾರಿ ಶಾಲೆಗೆ ಮೈಕಿನ ಬಾಡಿಗೆ ಕಟ್ಟುವುದೇ ಕಷ್ಟ. ಬೇಕೆಂದೇ ಕದಿಯುವವರು ಯಾರೂ ಇಲ್ಲ.

ಹಾರ್ಮೋನಿಯಂ ಮನೆ

ಕದ್ದಿರಿ ಅಂದಿಲ್ಲ ಸರ್. ಕೇಳಲಿಲ್ಲ ಅಂದೆ.

ಗಂಗಾವತಿ ಮಾಸ್ತರೆ, ನಿಮಗೊಂದು ಪ್ರಶ್ನೆ. ನಿಮ್ಮ ಚಾನೆಲ್ ಯಾವುದು ಅಂತ ಹುಡುಕಿ ನೋಡಿದೆ, ತಪ್ಪು ತಿಳಿಯಬೇಡಿ. ಪಾಠ ಚೆನ್ನಾಗಿ ಮಾಡುತ್ತೀರಿ. ಅದರಲ್ಲಿ ಬಯಲಾಟದ ಪಾಠ ಒಂದಿದೆ. ವಯಸ್ಸಾದ ಒಬ್ಬ ತಾತ ಕಟ್ಟೆಯ ಮೇಲೆ ಕೂತು ಪದ ಹೇಳುತ್ತಾರೆ. ಏನು ದನಿ ಅದು! ಆದರೆ ಅವರ ಹೆಸರು ಎಲ್ಲೂ ಇಲ್ಲ. ‘ಜಾನಪದ ಕಲಾವಿದರು’ ಅಂತ ಮಾತ್ರ ಇದೆ. ಪದದ ನಡುವೆ ಕತ್ತರಿಸಿ, ಉಳಿದ ಭಾಗದ ಮೇಲೆ ನೀವು ಮಾತಾಡಿದ್ದೀರಿ. ಕೆಳಗೆ ಯಾವುದೋ ಕೊಳಲಿನ ಸಂಗೀತ ಬೇರೆ. ತಾತನನ್ನು ಕೇಳಿ ಹಾಕಿದ್ದಾ? ಅವರಿಂದ ನಿಮಗೆ ಸ್ಟ್ರೈಕ್ ಬರುವುದಿಲ್ಲ, ಅದು ನನಗೂ ಗೊತ್ತು.

ಮಿರ್ಚಿ ಒಗ್ಗರಣೆ

ಇದು ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತದೆ. ಮಾಸ್ತರು ಕಲಾವಿದರನ್ನು ಮಕ್ಕಳಿಗೆ ತೋರಿಸಿದ್ದು ಒಳ್ಳೆಯದೇ ಅಲ್ವಾ?

ಬಳ್ಳಾರಿ ಕರಿಕೋಟು

ಜಾಸ್ತಿ ಆಗಲಿಲ್ಲ ತಮ್ಮಾ. ಕಾಯ್ದೆಯೂ ಅದನ್ನೇ ಕೇಳುತ್ತದೆ. 39ನೇ ಕಲಂ ಪ್ರಕಾರ ಪ್ರಾಮಾಣಿಕವಾಗಿ ಪಾಠಕ್ಕೆ ಅಥವಾ ಸಂಶೋಧನೆಗೆ ಮಾತ್ರ ಕಲಾವಿದರ ಆಟ, ಹಾಡು ಮುದ್ರಿಸಿಕೊಂಡರೆ ತಪ್ಪಲ್ಲ. ಫೋನ್ ಹಿಡಿದು ರೆಕಾರ್ಡ್ ಮಾಡುವ ತನಕ ಮಾಸ್ತರು ಸರಿ. ಲೋಕಕ್ಕೆ ಹಾಕುವಾಗ ತಾತನ ಒಪ್ಪಿಗೆ ಬೇಕು. ಅದರ ಮೇಲೆ, ನನ್ನ ಹೆಸರು ಹೇಳಿ, ನನ್ನ ಹಾಡನ್ನು ಕೆಡಿಸಬೇಡಿ ಅಂತ ಕೇಳುವ ಹಕ್ಕನ್ನು 2012ರಿಂದ ಕಲಾವಿದರಿಗೂ ಕೊಟ್ಟಿದ್ದಾರೆ, 38-ಬಿ ಕಲಂ. ಇದು ಮಾರಿಕೊಳ್ಳುವ ಹಕ್ಕಲ್ಲ, ಅವರ ಜೊತೆಗೇ ಇರುವಂಥದ್ದು. ತಾತ ಯಾವ ಸ್ಟುಡಿಯೋಗೆ ಹೋಗದಿದ್ದರೂ, ಊರ ಕಟ್ಟೆಯ ಮೇಲೇ ಹಾಡಿದರೂ ಇದೆ.

ನಮ್ಮ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರನ್ನು ನೆನೆಸಿಕೊಳ್ಳಿ. ಬುರ್ರಕಥೆ ಹೇಳುತ್ತಿದ್ದವರು, 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿತವರಲ್ಲ. ಕಥೆ ಎಲ್ಲರದು, ತಲೆಮಾರಿನಿಂದ ಬಂದದ್ದು. ಆದರೆ ಆಕೆ ಹೇಳಿದ ಆ ರಾತ್ರಿಯ ಕಥೆ ಆಕೆಯದು. ನೂರು ಜನ ಹೇಳುವ ಕಥೆಗೂ ಒಬ್ಬರು ಹೇಳಿದ್ದಕ್ಕೂ ಇರುವ ಈ ವ್ಯತ್ಯಾಸ ಕೋರ್ಟಿನಲ್ಲಿ ವಿವರಿಸಲು ಅರ್ಧ ದಿನ ಬೇಕು. ಕೇಳಿದವರಿಗೆ ಒಂದು ಕ್ಷಣ ಸಾಕು.

ದೇವದುರ್ಗ ಕಡೆಯವಳು

ಇದನ್ನು ಓದಿ ನನ್ನ ಫೋನ್ ತೆಗೆದು ನೋಡಿದೆ. ಬೀಸುವ ಪದ ಹೇಳಿದ ನಾಲ್ಕು ಜನ ಅಮ್ಮಂದಿರ ವಿಡಿಯೋ ಇದೆ. ಇಬ್ಬರ ಹೆಸರು ಗೊತ್ತು, ಇನ್ನಿಬ್ಬರದು ಗೊತ್ತಿಲ್ಲ. ನಾಳೆ ಕೇಳುತ್ತೇನೆ.

ಗಂಗಾವತಿ ಸೀಮೆ ಮಾಸ್ತರ

ಎರಡು ದಿನ ಉತ್ತರ ಬರೆಯಲಿಲ್ಲ. ಮೊದಲ ದಿನ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನಮ್ಮೂರ ತಾತನ ಬಗ್ಗೆ ಬಳ್ಳಾರಿಯವರು ನನಗೆ ಹೇಳುವುದೇನು ಅನ್ನಿಸಿತು. ಆಮೇಲೆ ಆ ವಿಡಿಯೋ ನಾನೇ ಮತ್ತೆ ನೋಡಿದೆ. ಕೊಳಲು ಹಾಕಿದ್ದು ನಿಜಕ್ಕೂ ಕೆಟ್ಟದಾಗಿದೆ. ಪದ ಏರುವ ಹೊತ್ತಿಗೆ ಸರಿಯಾಗಿ ಕತ್ತರಿಸಿದ್ದೇನೆ.

ನಿನ್ನೆ ಸಂಜೆ ತಾತನ ಮನೆಗೆ ಹೋದೆ. ವಿಡಿಯೋ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಅವತ್ತು ನಾನು ಫೋನ್ ಹಿಡಿದದ್ದು ಫೋಟೋ ತೆಗೆಯಲು ಅಂದುಕೊಂಡಿದ್ದರಂತೆ. ತೋರಿಸಿದೆ. ಎರಡು ಸಲ ನೋಡಿದರು. ಮೂರನೇ ಸಲ ಸೊಸೆಯನ್ನು ಕರೆದು ತೋರಿಸಿದರು. ಕಾಪಿರೈಟ್, ಕಲಂ ಎಲ್ಲ ನನಗೆ ತಿಳಿದಷ್ಟು ಹೇಳಿದೆ. ‘ದುಡ್ಡು ಬರ್ತದೇನು?’ ಅಂತ ಕೇಳಿದರು. ನನಗೂ ಬರುವುದಿಲ್ಲ ತಾತಾ ಅಂದೆ. ‘ಮತ್ಯಾಕ ಇಷ್ಟು ಹೆದರ್ತಿ?’ ಅಂದರು.

ಆದರೆ ಕೇಳಿದ್ದಕ್ಕೆ ಮೂರು ಮಾತು ಹೇಳಿದರು. ತನ್ನ ಹೆಸರಿಗಿಂತ ಮೊದಲು ಆಟ ಕಲಿಸಿದ ಗುರುವಿನ ಹೆಸರು ಬರಬೇಕು. ಕೊಳಲು ತೆಗೆಯಬೇಕು, ಬಯಲಾಟಕ್ಕೆ ಕೊಳಲು ಯಾವನು ಊದುತ್ತಾನೆ ಅಂತ ಬೈದರು. ಮೂರನೆಯದು, ಅವತ್ತು ಕೆಮ್ಮು ಇತ್ತು, ದನಿ ಸರಿ ಇರಲಿಲ್ಲ, ಅದನ್ನು ತೆಗೆದುಬಿಡು, ಮತ್ತೊಮ್ಮೆ ಹೇಳುತ್ತೇನೆ. ಅರ್ಧ ಪದ ಹಾಕಿದರೆ ನೋಡಿದವರು ಮುದುಕನಿಗೆ ಮರೆತುಹೋಯಿತು ಅಂದುಕೊಳ್ಳುತ್ತಾರೆ ಅಂತ.

ವಿಡಿಯೋ ತೆಗೆದಿದ್ದೇನೆ. ಹಾರ್ಮೋನಿಯಂ ಅಣ್ಣನವರೆ, ನಿಮ್ಮ ಮೇಲೆ ಬಂದ ಸಿಟ್ಟು ಹೋಯಿತು.

ವಕೀಲರೆ, ಒಪ್ಪಿಗೆ ಪತ್ರ ಒಂದು ಬರೆದುಕೊಡುತ್ತೀರಾ? ತಾತನಿಗೆ ಓದಿ ಹೇಳಿದರೆ ತಿಳಿಯುವ ಹಾಗಿರಲಿ.

ಬಳ್ಳಾರಿ ಕರಿಕೋಟು

ಪತ್ರ ಅರ್ಧ ಪುಟ ಸಾಕು. ಯಾವ ದಿನ, ಯಾವ ಪದ, ಎಲ್ಲಿ ಹಾಕುತ್ತೀರಿ, ಯಾರ ಹೆಸರು ಯಾವ ಸಾಲಿನಲ್ಲಿ, ಕತ್ತರಿಸಬಹುದೋ ಇಲ್ಲವೋ, ಮುಂದೆ ಬೇರೆಯವರು ಕೇಳಿದರೆ ಯಾರನ್ನು ಕೇಳಬೇಕು. ಬೇಡ ಅಂದಾಗ ತೆಗೆಯುತ್ತೇನೆ ಅಂತ ನೀವು ಬರೆದುಕೊಡಿ. ಸಹಿಯೋ ಹೆಬ್ಬೆಟ್ಟೋ, ಅದರ ಜೊತೆಗೆ ತಾತ ತಮ್ಮ ಬಾಯಲ್ಲೇ ಒಪ್ಪಿಗೆ ಹೇಳುವುದನ್ನು ರೆಕಾರ್ಡ್ ಮಾಡಿಕೊಳ್ಳಿ. ಒಂದು ಪ್ರತಿ ಅವರ ಮನೆಯಲ್ಲಿ ಇರಬೇಕು. ರಾತ್ರಿ ಕೂತು ಬರೆದು ಇಲ್ಲೇ ಹಾಕುತ್ತೇನೆ, ಯಾರಿಗೆ ಬೇಕೋ ಇಳಿಸಿಕೊಳ್ಳಿ. ಅದಕ್ಕೆ ಕಾಪಿರೈಟ್ ಇಲ್ಲ.

ಹಾರ್ಮೋನಿಯಂ ಮನೆ

ಮಾಸ್ತರೆ, ಫೋನಿನಲ್ಲಿ ಹಿಡಿಯಬೇಡಿ. ನಾನು ಮೈಕ್ ತರುತ್ತೇನೆ. ಬಳ್ಳಾರಿಯಿಂದ ಬೆಳಗಿನ ಬಸ್ಸು ಹಿಡಿದರೆ ಹೊತ್ತು ಏರುವುದರೊಳಗೆ ಬರಬಹುದು. ಭಾನುವಾರ ಆಗುತ್ತದಾ? ಮದ್ದಳೆ ಬಾರಿಸುವವರು ಯಾರಾದರೂ ಇದ್ದಾರಾ, ನಾನೇ ಕರೆತರಬೇಕಾ?

ಗಂಗಾವತಿ ಸೀಮೆ ಮಾಸ್ತರ

ಮದ್ದಳೆಗೆ ತಾತನ ಮೊಮ್ಮಗನೇ ಇದ್ದಾನೆ. ನನ್ನ ಹತ್ತನೇ ತರಗತಿಯವನು, ಬಿ ವಿಭಾಗ. ಅವನಿಗೆ ಮಾರ್ಚ್‌ನಲ್ಲಿ ಪರೀಕ್ಷೆ, ಗಣಿತದಲ್ಲಿ ಬಹಳ ಹಿಂದೆ. ಅದು ಮುಗಿಯುವ ತನಕ ಮದ್ದಳೆ ಮುಟ್ಟಬೇಡ ಅಂತ ತಾತನೇ ಬೀಗ ಹಾಕಿ ಇಟ್ಟಿದ್ದಾರೆ. ಯುಗಾದಿ ಕಳೆದ ಮೇಲೆ ಬನ್ನಿ ಅಣ್ಣಾ, ಊಟ ನಮ್ಮ ಮನೆಯಲ್ಲಿ.